ಐಟಿ ಅಗ್ರಿಮೆಂಟ್ ಮಾಡ್ಕೊಳ್ಳೋವಾಗ ಹಿಂದಿನ ಪುಟಗಳಿಂದ ಓದಿ

ಹೊರಗಿನ ಕಂಪನಿಯಿಂದ, ಅಂದ್ರೆ ವೆಂಡರ್‌ನಿಂದ, ಸಾಫ್ಟ್‌ವೇರ್ ಇಲ್ಲಾ ಐಟಿ ಸರ್ವಿಸ್ ತಗೊಳ್ಳೋ ಅಗ್ರಿಮೆಂಟಲ್ಲಿ ಮುಂದಿನ ಕಾನೂನು ಭಾಗನ ಲಾಯರ್ ಓದ್ತಾರೆ, ಹಿಂದೆ ಅಂಟಿಸಿರೋ ಕೆಲಸದ ವಿವರನ ಟೆಕ್ನಿಕಲ್ ಟೀಮ್ ಬರಿಯತ್ತೆ, ಎರಡನ್ನೂ ಒಟ್ಟಿಗೆ ಇಟ್ಕೊಂಡು ಓದೋರು ಮಾತ್ರ ಯಾರೂ ಇರಲ್ಲ. ಆಮೇಲೆ ನೋಡಿದ್ರೆ ಮುಂದೆ ಸಪೋರ್ಟ್ ಸೇರಿದೆ ಅಂತಿರತ್ತೆ, ಹಿಂದೆ ಸಪೋರ್ಟ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು ಅಂತಿರತ್ತೆ. ಅದಕ್ಕೆ ಮೊದಲ ಕೆಲಸ, ಎರಡರ ಮಧ್ಯೆ ತಕರಾರು ಬಂದ್ರೆ ಯಾವುದು ಗೆಲ್ಲತ್ತೆ ಅಂತ ಒಂದು ಸಾಲು ಹಾಕ್ಸಿ. ಇಬ್ಬರನ್ನೂ ಒಂದ್ಸಲ ಒಂದೇ ಟೇಬಲ್ಲಲ್ಲಿ ಕೂರಿಸಿ, ಒಂದು ಗಂಟೆ ಸಾಕು.

ಕೆಲಸದ ವಿವರದಲ್ಲಿ ಫಾಸ್ಟ್, ಯೂಸರ್ ಫ್ರೆಂಡ್ಲಿ ಇಂಥ ಪದ ಕಂಡ್ರೆ ಹೊಡೆದು ಹಾಕಿ. ಒಂದೇ ಸಲ 500 ಜನ ಲಾಗಿನ್ ಆಗಿದ್ರೂ ಸರ್ಚ್ ರಿಸಲ್ಟ್ 2 ಸೆಕೆಂಡಲ್ಲಿ ಬರ್ಬೇಕು, ಹಿಂಗೆ ಅಳೆಯಕ್ಕೆ ಬರೋ ಥರ ಬರೀರಿ. ಏನು ಮಾಡಲ್ಲ ಅನ್ನೋದನ್ನೂ ಬರೀಬೇಕು, ಹಳೇ ಡೇಟಾನ ಹೊಸ ಸಿಸ್ಟಮ್‌ಗೆ ಸಾಗಿಸೋದು ಯಾರ ಕೆಲಸ ಅನ್ನೋದು ಎಷ್ಟೋ ಪ್ರಾಜೆಕ್ಟಲ್ಲಿ ಕೊನೇ ವಾರ ನೆನಪಾಗತ್ತೆ. ಇನ್ನೊಂದು, ಡೆಲಿವರಿ ಆಗಿ 5 ದಿನದಲ್ಲಿ ನೀವು ಏನೂ ಹೇಳ್ಲಿಲ್ಲ ಅಂದ್ರೆ ಒಪ್ಕೊಂಡಂಗೆ ಲೆಕ್ಕ ಅಂತ ಒಂದು ಷರತ್ತು ಮೆಲ್ಲಗೆ ಸೇರಿರತ್ತೆ, ಅದನ್ನ ತೆಗೆಸಿ, ತೆಗೆಯಲ್ಲ ಅಂದ್ರೆ ಟೆಸ್ಟ್ ಮಾಡಕ್ಕೆ ಸಾಕಾಗೋಷ್ಟು ದಿನ ಕೇಳಿ.

ಈಗ ಎಸ್‌ಎಲ್‌ಎ, ಅಂದ್ರೆ ಸರ್ವಿಸ್ ಎಷ್ಟು ಚೆನ್ನಾಗಿ ನಡೀಬೇಕು ಅಂತ ವೆಂಡರ್ ಕೊಡೋ ಮಾತು. 99.9% ಅಪ್‌ಟೈಮ್, ಅಂದ್ರೆ ಅಷ್ಟು ಹೊತ್ತು ಸಿಸ್ಟಮ್ ನಡೀತಿರತ್ತೆ, ಅಂದ ತಕ್ಷಣ ಖುಷಿಯಾಗತ್ತೆ, ಲೆಕ್ಕ ಹಾಕಿ ನೋಡಿ. 30 ದಿನದ ತಿಂಗಳಲ್ಲಿ 43,200 ನಿಮಿಷ, ಅದ್ರಲ್ಲಿ 43 ನಿಮಿಷ ಸಿಸ್ಟಮ್ ಬಿದ್ದಿದ್ರೂ ಅವ್ರು ಮಾತು ತಪ್ಪಿಲ್ಲ. ಅದೇ 99.5 ಆದ್ರೆ 3 ಗಂಟೆ 36 ನಿಮಿಷ. ತಿಂಗಳ ಬದಲು ವರ್ಷದ ಲೆಕ್ಕದಲ್ಲಿ ಅಳೆಯೋದು ಅಂತ ಬರೆದ್ರೆ 99.9ಕ್ಕೂ ಎಂಟೂಮುಕ್ಕಾಲು ಗಂಟೆ ಸಿಗತ್ತೆ, ಅದೂ ನಿಮ್ಮ ಅತಿ ಬಿಜಿ ದಿನವೇ ಒಟ್ಟಿಗೆ ಬಿದ್ರೂ ಸರಿ! ಹಂಗಾಗಿ ಪರ್ಸೆಂಟಿಗಿಂತ ಎಷ್ಟು ದಿನಕ್ಕೊಂದ್ಸಲ ಅಳೀತಾರೆ, ಯಾರು ಅಳೀತಾರೆ, ಮೇಂಟೆನೆನ್ಸ್ ಟೈಮ್ ಲೆಕ್ಕಕ್ಕೆ ಬರತ್ತಾ ಇಲ್ವಾ ಇದನ್ನ ಕೇಳಿ. ರೆಸ್ಪಾನ್ಸ್ ಟೈಮ್ 4 ಗಂಟೆ ಅಂದ್ರೆ ನಿಮ್ಮ ಟಿಕೆಟ್ (ದೂರು) ಸಿಕ್ತು ಅಂತ ಮೇಲ್ ಬರೋದು ಅಷ್ಟೇ, ರಿಪೇರಿಗೆ ಬೇರೆ ಟೈಮ್ ಬರೆಸ್ಬೇಕು. ಮಾತು ತಪ್ಪಿದ್ರೆ ಬಿಲ್ಲಲ್ಲಿ ಸ್ವಲ್ಪ ಕಡಿತ ಕೊಡ್ತೀವಿ, ಅದು ಬಿಟ್ರೆ ಬೇರೆ ಪರಿಹಾರ ಇಲ್ಲ ಅಂತ ಇದ್ರೆ ಒಪ್ಬೇಡಿ, ಸತತ 3 ತಿಂಗಳು ತಪ್ಪಿದ್ರೆ ದಂಡ ಇಲ್ದೆ ಹೊರಗೆ ಬರೋ ಹಕ್ಕು ಕೇಳಿ. ನನ್ ಪ್ರಕಾರ ಕಡಿತಕ್ಕಿಂತ ಈ ಹಕ್ಕಿಗೇ ಬೆಲೆ ಜಾಸ್ತಿ.

ದುಡ್ಡು ಕೊಟ್ಟಿದೀವಿ ಕೋಡ್ ನಮ್ದೇ ಅಂದ್ಕೊಳ್ಳೋದು ದೊಡ್ಡ ತಪ್ಪು. ಬಹಳ ದೇಶಗಳಲ್ಲಿ ಹೊರಗಿನವರು ಬರೆದ ಕೋಡಿನ ಕಾಪಿರೈಟ್, ಬರವಣಿಗೆಯಲ್ಲಿ ನಿಮಗೆ ವರ್ಗಾಯಿಸೋ ತನಕ ಅವರದ್ದೇ. ಅವ್ರು ಮೊದಲೇ ಮಾಡಿಟ್ಕೊಂಡಿರೋ ಟೂಲ್ಸ್ ಪೂರ್ತಿ ಕೊಡಿ ಅಂತ ಹಠ ಮಾಡ್ಬೇಡಿ, ಕೊಡಲ್ಲ, ಖಾಯಂ ಲೈಸೆನ್ಸ್ ಸಾಕು. ಯಾವ ಓಪನ್ ಸೋರ್ಸ್ (ಯಾರು ಬೇಕಾದ್ರೂ ಬಳಸೋ ಹಂಗೆ ಬಿಟ್ಟಿರೋ ಕೋಡ್) ಸೇರಿಸಿದಾರೆ ಅನ್ನೋ ಲಿಸ್ಟ್ ತಗೊಳ್ಳಿ, ಅದ್ರಲ್ಲಿ ಜಿಪಿಎಲ್ ಅನ್ನೋ ಲೈಸೆನ್ಸಿನ ಕೋಡ್ ಇದ್ರೆ ಪ್ರಾಡಕ್ಟನ್ನ ಬೇರೆಯವರಿಗೆ ಹಂಚೋವಾಗ ಸೋರ್ಸ್ ಕೋಡ್ ಕೊಡೋ ಪ್ರಶ್ನೆ ಬರತ್ತೆ.

ಅವ್ರಿಂದ ನಿಮಗೆ ನಷ್ಟ ಆದ್ರೆ ಅವ್ರು ಕೊಡೋ ನಷ್ಟಭರ್ತಿಯ ಮಿತಿ ಸಾಮಾನ್ಯವಾಗಿ 12 ತಿಂಗಳ ಫೀಸು ಅಂತಿರತ್ತೆ, ಅದು ಓಕೆ. ಆದ್ರೆ ಡೇಟಾ ಸೋರಿಕೆಗೆ ಬೇರೆ ದೊಡ್ಡ ಮಿತಿ ಕೇಳಿ, ಕಮ್ಮಿ ಫೀಸಿನ ಸರ್ವಿಸಲ್ಲೇ ನಿಮ್ಮ ಗ್ರಾಹಕರ ಪೂರ್ತಿ ಡೇಟಾ ಕೂತಿರ್ಬಹುದು. ಸೋರಿಕೆ ಗೊತ್ತಾದ ಎಷ್ಟು ಗಂಟೆಯಲ್ಲಿ ನಿಮಗೆ ಹೇಳ್ಬೇಕು ಅಂತಲೂ ಹಾಕಿ, ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್ ನಿಮಗೆ ಅನ್ವಯ ಆದ್ರೆ ನಿಮಗೆ ಗೊತ್ತಾದ ಮೇಲೆ ರೆಗ್ಯುಲೇಟರ್‌ಗೆ ತಿಳಿಸಕ್ಕೆ ಇರೋದೇ 72 ಗಂಟೆ. ಬಿಟ್ಟು ಹೋಗೋವಾಗ ಡೇಟಾ ಯಾವ ಫಾರ್ಮ್ಯಾಟಲ್ಲಿ, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿಗೆ ವಾಪಸ್ ಬರತ್ತೆ ಅನ್ನೋದನ್ನ ಈಗಲೇ ಬರೆಸಿ, ಮನಸ್ತಾಪ ಆದ್ಮೇಲೆ ಕೇಳೋದು ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂಗೆ.

ಚೌಕಾಸಿಗೆ ಕೂರೋ ಮುಂಚೆ ಬಿಡಲೇಬಾರದ 4-5 ವಿಷಯ ಆರಿಸ್ಕೊಳ್ಳಿ, ಪ್ರತಿ ಸಾಲಿಗೂ ಕೆಂಪು ಗೀಚಿದ್ರೆ ಯಾವ್ದೂ ಸಿಗಲ್ಲ. ಇನ್ನೊಬ್ಬ ವೆಂಡರ್ ಜೊತೆ ಮಾತುಕತೆ ಕೊನೇ ತನಕ ಜೀವಂತ ಇರ್ಲಿ, ಸೈನ್ ಆಗೋ ಮುಂಚೆ ಕೆಲಸ ಶುರು ಮಾಡ್ಸಿದ್ರೆ ನಿಮ್ಮ ಕೈ ಅಲ್ಲಿಗೇ ಕಟ್ಟಿತು. ಅವ್ರು ವಾಪಸ್ ಕಳ್ಸಿದ ಫೈಲಲ್ಲಿ ಟ್ರ್ಯಾಕ್ ಚೇಂಜಸ್ (ಬದಲಾವಣೆಗೆ ಗುರುತು ಹಾಕೋ ಸೌಲಭ್ಯ) ನಂಬ್ಕೊಂಡು ಕೂರ್ಬೇಡಿ, ಹಳೇ ಕಾಪಿ ಇಟ್ಕೊಂಡು ನೀವೇ ಕಂಪೇರ್ ಹಾಕಿ. ಸೈನ್ ಆದ ದಿನವೇ, ಆಟೋ ರಿನ್ಯೂವಲ್ (ಅಗ್ರಿಮೆಂಟ್ ತಾನಾಗೇ ಮುಂದುವರಿಯೋದು) ಬೇಡ ಅಂತ ನೋಟಿಸ್ ಕೊಡೋ ಕೊನೇ ತಾರೀಖು, ಅದು 60 ದಿನ ಮುಂಚೆನೋ 90 ದಿನ ಮುಂಚೆನೋ ನೋಡಿ, ಕ್ಯಾಲೆಂಡರಲ್ಲಿ ಹಾಕ್ಕೊಳ್ಳಿ, ಒಬ್ಬರದ್ದಲ್ಲ ಇಬ್ಬರ ಕ್ಯಾಲೆಂಡರಲ್ಲಿ, ಒಬ್ರು ಕೆಲಸ ಬಿಟ್ಟು ಹೋಗಿರ್ತಾರೆ.