ಮೂರು ಮೀಟರಿನ ಲೆಕ್ಕ: ಹಳೆಯ ವೈಡ್ ಲೆನ್ಸ್ ಜೊತೆ ನನ್ನ ಅನುಭವ

ನನ್ನ ಹಳೆಯ ಸೋವಿಯತ್ ಫಿಲ್ಮ್ ಕ್ಯಾಮೆರಾ ಝೋರ್ಕಿ-4ಕ್ಕೆ ಜುಪಿಟರ್-12 ಎಂಬ 35 ಮಿ.ಮೀ. ವೈಡ್ ಲೆನ್ಸ್ ಹಾಕಿದಾಗ ನಾನು ಅತ್ಯಂತ ಕಡಿಮೆ ಬಳಸುವ ಭಾಗವೆಂದರೆ, ಎರಡು ಬಿಂಬಗಳನ್ನು ಒಂದಾಗಿಸಿ ದೂರ ಅಳೆಯುವ ರೇಂಜ್‌ಫೈಂಡರೇ. ರೇಂಜ್‌ಫೈಂಡರ್ ಕ್ಯಾಮೆರಾ ಇಟ್ಟುಕೊಂಡು ಹೀಗೆ ಹೇಳುವುದು ವಿಚಿತ್ರ ಎನ್ನಿಸಬಹುದು. ಆದರೆ 35 ಮಿ.ಮೀ. ಲೆನ್ಸಿನಲ್ಲಿ ಫೋಕಸನ್ನೂ ಚೌಕಟ್ಟನ್ನೂ ತೀರ್ಮಾನಿಸುವುದು ಒಂದೇ ಸಂಖ್ಯೆ: ಎದುರಿಗಿರುವ ವಸ್ತು ಎಷ್ಟು ಮೀಟರ್ ದೂರದಲ್ಲಿದೆ ಎಂಬುದು. ಅದನ್ನು ಕಣ್ಣಳತೆಯಲ್ಲಿ ಹೇಳಬಲ್ಲವರಿಗೆ ಕ್ಯಾಮೆರಾ ಕಣ್ಣಿಗೇರುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಲೆನ್ಸಿನ ಮೂಲ ಜರ್ಮನಿಯದು. 1930ರ ದಶಕದಲ್ಲಿ ಲುಡ್ವಿಗ್ ಬರ್ಟೆಲೆ ಅವರು ಝೈಸ್ ಕಂಪನಿಯ ಕಾಂಟ್ಯಾಕ್ಸ್ ಕ್ಯಾಮೆರಾಗಾಗಿ ರೂಪಿಸಿದ 35 ಮಿ.ಮೀ., ಎಫ್ 2.8 (ಎಫ್ ಎಂಬುದು ಬೆಳಕಿನ ಕಿಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಬಯೋಗಾನ್ ಲೆನ್ಸ್ ಇದರ ಪೂರ್ವಜ. ಎರಡನೆಯ ಮಹಾಯುದ್ಧದ ನಂತರ ಆ ವಿನ್ಯಾಸ ಸೋವಿಯತ್ ಒಕ್ಕೂಟ ಸೇರಿತು. ಕ್ರಾಸ್ನೊಗೋರ್ಸ್ಕ್, ಲಿಟ್ಕರಿನೊ ಕಾರ್ಖಾನೆಗಳಲ್ಲಿ ಜುಪಿಟರ್-12 ಆಗಿ ದಶಕಗಳ ಕಾಲ ತಯಾರಾಯಿತು. ಕೀವ್ ಕ್ಯಾಮೆರಾಗೆ ಒಂದು ಮೌಂಟ್ (ಲೆನ್ಸ್ ಕೂರುವ ಜೋಡಣೆ), ಝೋರ್ಕಿ ಮತ್ತು ಫೆಡ್ ಕ್ಯಾಮೆರಾಗಳಿಗೆ 39 ಮಿ.ಮೀ. ಸ್ಕ್ರೂ ಮೌಂಟ್. ನನ್ನದು ಎರಡನೆಯದು. ಸೀರಿಯಲ್ ಸಂಖ್ಯೆಯ ಮೊದಲ ಎರಡು ಅಂಕೆಗಳು ಸಾಮಾನ್ಯವಾಗಿ ತಯಾರಾದ ವರ್ಷವನ್ನು ಸೂಚಿಸುತ್ತವೆ.

ಈ ಲೆನ್ಸನ್ನು ಮೊದಲ ಸಲ ಕೈಗೆತ್ತಿಕೊಳ್ಳುವವರು ಮುಂದಿನ ಗಾಜನ್ನಲ್ಲ, ಹಿಂದಿನದನ್ನು ನೋಡಿ ಬೆಚ್ಚುತ್ತಾರೆ. ಮುಂದೆ ಪುಟ್ಟ ಗಾಜು. ಹಿಂದೆ ಗೂಬೆಯ ಕಣ್ಣಿನಂತೆ ಉಬ್ಬಿ ಹೊರಚಾಚಿದ, ಯಾವ ಲೋಹದ ಅಂಚಿನ ರಕ್ಷಣೆಯೂ ಇಲ್ಲದ ದೊಡ್ಡ ಗಾಜು. ಕ್ಯಾಮೆರಾದೊಳಗೆ ಅದು ಫಿಲ್ಮಿನ ಮುಂದಿರುವ ಷಟರ್ ಪರದೆಯ ಹತ್ತಿರಕ್ಕೇ ಹೋಗಿ ನಿಲ್ಲುತ್ತದೆ. ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಏಳಲು ಜಾಗ ಬೇಕು. ಹಾಗಾಗಿ ಅಲ್ಲಿಯ ವೈಡ್ ಲೆನ್ಸುಗಳು ಫಿಲ್ಮಿನಿಂದ ದೂರ ನಿಂತು, ಬೆಳಕನ್ನು ಸುತ್ತುಬಳಸಿ ಬಗ್ಗಿಸಬೇಕಾಗುತ್ತದೆ. ರೇಂಜ್‌ಫೈಂಡರಿಗೆ ಕನ್ನಡಿಯ ಹಂಗಿಲ್ಲ. ಗಾಜನ್ನು ಫಿಲ್ಮಿನ ಹತ್ತಿರಕ್ಕೇ ಒಯ್ಯಬಹುದು, ಬೆಳಕನ್ನು ಹಾಗೆ ಸುತ್ತುಬಳಸಿ ಬಗ್ಗಿಸಬೇಕಿಲ್ಲ. ಗೋಡೆಯ ಅಂಚು, ಬಾಗಿಲ ಚೌಕಟ್ಟು ಚಿತ್ರದ ಬದಿಯಲ್ಲಿ ಬಂದರೂ ನೆಟ್ಟಗೆ ಉಳಿಯುವುದು ಈ ಕಾರಣಕ್ಕೆ. ಹಳೆಯ ಲೆನ್ಸುಗಳ ವಿಷಯ ಬಂದ ಕೂಡಲೇ ಜನ ಅದರ ‘ಗುಣ’, ‘ಮಾಯೆ’ ಎಂದೆಲ್ಲ ಹೊಗಳಲು ತೊಡಗುತ್ತಾರೆ. ನನಗೆ ಬೇಕಾದದ್ದು ಆ ನೆಟ್ಟನೆಯ ಗೆರೆ. ಅದಕ್ಕೆ ಮಾಯೆಯ ವಿವರಣೆ ಬೇಕಿಲ್ಲ.

ಈ ಉಬ್ಬುಗಾಜಿನಿಂದ ಕೆಲವು ಕಟ್ಟುಪಾಡುಗಳೂ ಬರುತ್ತವೆ. ಸ್ಕ್ರೂ ಅಥವಾ ಅಡಾಪ್ಟರ್ ಹೊಂದುತ್ತದೆ ಎಂದ ಮಾತ್ರಕ್ಕೆ ಲೆನ್ಸ್ ಎಲ್ಲ ಕ್ಯಾಮೆರಾಗಳಿಗೂ ಕೂರುವುದಿಲ್ಲ. ಲೈಕಾ ಎಂ5 ಮತ್ತು ಲೈಕಾ ಸಿಎಲ್ ಕ್ಯಾಮೆರಾಗಳಲ್ಲಿ ಬೆಳಕು ಅಳೆಯುವ ಸಾಧನ ಒಂದು ಪುಟ್ಟ ತೋಳಿನ ಮೇಲೆ ಷಟರಿನ ಎದುರಿಗೇ ಬಂದು ನಿಲ್ಲುತ್ತದೆ; ಒಳಗೆ ಚಾಚುವ ಲೆನ್ಸ್ ಅದಕ್ಕೆ ತಾಗಬಹುದು. ಯುದ್ಧಪೂರ್ವ ಬಯೋಗಾನ್ ಕೂಡ ಯುದ್ಧಾನಂತರದ ಕಾಂಟ್ಯಾಕ್ಸ್ IIಎ ಕ್ಯಾಮೆರಾಗೆ ಹಿಡಿಸಲಿಲ್ಲ. ಝೈಸ್ ಹೊಸ ವಿನ್ಯಾಸವನ್ನೇ ಮಾಡಬೇಕಾಯಿತು. ನಾನು ಲೆನ್ಸ್ ಹಾಕುವಾಗ ಫೋಕಸನ್ನು 1 ಮೀಟರಿಗೆ ತಿರುಗಿಸಿಟ್ಟು, ಕ್ಯಾಮೆರಾವನ್ನು ಅಂಗಾತ ಮಲಗಿಸಿ, ಲೆನ್ಸನ್ನು ನೇರ ಮೇಲಿನಿಂದ ಇಳಿಸುತ್ತೇನೆ. ಅನಂತಕ್ಕೆ, ಅಂದರೆ ಅತಿ ದೂರಕ್ಕೆ, ಇಟ್ಟಾಗ ಗಾಜು ಅತಿ ಹೆಚ್ಚು ಒಳಗಿರುತ್ತದೆ, 1 ಮೀಟರಿನಲ್ಲಿ ತುಸು ಹೊರಗೆ. ಒಂದು ಮಿಲಿಮೀಟರಿನಷ್ಟೇ ವ್ಯತ್ಯಾಸ, ಆದರೂ ಬಟ್ಟೆಯ ಪರದೆಯ ಎದುರು ಆ ಒಂದು ಮಿಲಿಮೀಟರ್ ನನಗೆ ನೆಮ್ಮದಿ ಕೊಡುತ್ತದೆ. ಹಿಂದಿನ ಮುಚ್ಚಳವೂ ಆಳವಾದದ್ದೇ ಆಗಬೇಕು. ಹಳೆಯ ಲೆನ್ಸ್ ಕೊಳ್ಳುವಾಗ ಟಾರ್ಚ್ ಬಿಟ್ಟು ಒಳಗಿನ ಮಂಜು, ಬೂಷ್ಟು ನೋಡುವುದು ಎಲ್ಲರಿಗೂ ಗೊತ್ತು. ಇದರಲ್ಲಿ ಹಿಂದಿನ ಗಾಜಿನ ಗೀರುಗಳನ್ನು ಮೊದಲು ನೋಡಬೇಕು. ಮುಂದಿನ ಗಾಜಿನ ಸಣ್ಣ ಗೀರು ಚಿತ್ರದಲ್ಲಿ ಕರಗಿಹೋಗುತ್ತದೆ. ಫಿಲ್ಮಿಗೆ ಅಷ್ಟು ಹತ್ತಿರವಿರುವ ಗಾಜಿನ ದೋಷ ಹಾಗೆ ಸುಲಭವಾಗಿ ಕರಗುವುದಿಲ್ಲ.

ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಉಂಗುರ ಇನ್ನೊಂದು ತಲೆನೋವು. ಅದು ಮುಂದಿನ ಗಾಜಿನ ಸುತ್ತ, ಅಂಚಿನ ಒಳಗಡೆ ಅಡಗಿದೆ. ಸಂಖ್ಯೆ ಓದಬೇಕಾದರೆ ಕ್ಯಾಮೆರಾವನ್ನು ನಮ್ಮ ಕಡೆಗೇ ತಿರುಗಿಸಿಕೊಳ್ಳಬೇಕು. ಪ್ರತಿ ಸಂಖ್ಯೆಗೂ ಟಕ್ ಎಂದು ನಿಲ್ಲುವ ಸೌಲಭ್ಯವೂ ಇಲ್ಲ. ಹಾಗಾಗಿ ನಾನು ಅಪರ್ಚರನ್ನು ಎಫ್ 8ಕ್ಕೆ ಇಟ್ಟು ಮರೆತುಬಿಡುತ್ತೇನೆ. ಬೆಳಕು ಬದಲಾದರೆ ಷಟರ್ ವೇಗವನ್ನು ಬದಲಿಸುತ್ತೇನೆ. ಬೆಳಕಿನ ಸಂವೇದನೆ ಐಎಸ್‌ಒ 400 ಇರುವ ಫಿಲ್ಮಿಗೆ ಮೋಡ ಕವಿದ ಹಗಲಿನಲ್ಲಿ 1/500 ಸೆಕೆಂಡು ಸಾಕು, ಮಬ್ಬು ಹೆಚ್ಚಾದರೆ 1/250. ಝೋರ್ಕಿಯಲ್ಲಿ ಫಿಲ್ಮ್ ಮುಂದೆ ಸುತ್ತಿದ ಮೇಲಷ್ಟೇ ವೇಗದ ಗುಂಡಿಯನ್ನು ತಿರುಗಿಸಬೇಕು, ಇಲ್ಲವಾದರೆ ಯಂತ್ರಕ್ಕೇ ಅಪಾಯ.

ಈಗ ಆ ಒಂದು ಸಂಖ್ಯೆಯ ವಿಷಯ. ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಲೆನ್ಸಿನ ಫೋಕಲ್ ದೂರ (ಲೆನ್ಸಿನ ಹೆಸರಿನ ಜೊತೆ ಹೇಳುವ ಮಿ.ಮೀ. ಸಂಖ್ಯೆ) 35 ಮಿ.ಮೀ. ಇದೆ. ಚೌಕಟ್ಟಿನ ಅಗಲವೂ ಫೋಕಲ್ ದೂರವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ, ವಸ್ತು ಎಷ್ಟು ದೂರದಲ್ಲಿದೆಯೋ ಚಿತ್ರದಲ್ಲಿ ಅಷ್ಟೇ ಅಗಲದ ದೃಶ್ಯ ಸಿಗುತ್ತದೆ. ಎತ್ತರ ಅದರ ಮೂರನೇ ಎರಡು ಭಾಗ. 3 ಮೀಟರ್ ದೂರದಲ್ಲಿ ನಿಂತವರು ಅಡ್ಡ ಚೌಕಟ್ಟಿನಲ್ಲಿ ಅಡಿಯಿಂದ ಮುಡಿಯವರೆಗೆ ಬರುತ್ತಾರೆ, ಏಕೆಂದರೆ ಅಲ್ಲಿ 2 ಮೀಟರ್ ಎತ್ತರ ಸಿಗುತ್ತದೆ. 2 ಮೀಟರಿಗೆ ಬಂದರೆ ಮೊಣಕಾಲಿನಿಂದ ಮೇಲೆ. 50 ಮಿ.ಮೀ. ಲೆನ್ಸಿನಲ್ಲಿ ಈ ಲೆಕ್ಕ ಇಷ್ಟು ಸರಳವಾಗಿ ಕೂರುವುದಿಲ್ಲ.

ಫೋಕಸೂ ಅದೇ 3 ಮೀಟರಿನಲ್ಲಿರುತ್ತದೆ. ಎಫ್ 8ರಲ್ಲಿ ಸುಮಾರು 1.9 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸಮಾಧಾನಕರವಾಗಿ ಸ್ಪಷ್ಟ. ಅನಂತವೂ ಬೇಕೆಂದರೆ 5 ಮೀಟರಿನಾಚೆ ತುಸು ತಿರುಗಿಸುತ್ತೇನೆ. ಆಗ ಎರಡೂವರೆ ಮೀಟರಿನಿಂದಾಚೆಯ ಎಲ್ಲವೂ ಸೇರುತ್ತದೆ. ಇದು ಚಿಕ್ಕ ಪ್ರಿಂಟಿನ ಲೆಕ್ಕ. ದೊಡ್ಡದು ಮಾಡುವ ಉದ್ದೇಶವಿದ್ದರೆ ಎಫ್ 8ರಲ್ಲಿ ತೆಗೆಯುತ್ತ, ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಎಂದು ತೋರಿಸುವ ಲೆನ್ಸಿನ ಮೇಲಿನ ಗುರುತುಗಳಲ್ಲಿ ಎಫ್ 5.6ರವನ್ನು ನಂಬುವುದು ಒಳ್ಳೆಯದು.

ದೂರದ ಅಂದಾಜನ್ನು ಕಲಿಸಿದ್ದು ಮಾತ್ರ ರೇಂಜ್‌ಫೈಂಡರೇ. ಕುರ್ಚಿಯಲ್ಲಿ ಕುಳಿತು ಬಾಗಿಲು ಎಷ್ಟು ದೂರ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಕ್ಯಾಮೆರಾ ಎತ್ತಿ, ಎರಡು ಬಿಂಬಗಳನ್ನು ಒಂದಾಗಿಸಿ, ಉಂಗುರದ ಮೇಲಿನ ಅಂಕಿ ನೋಡುತ್ತಿದ್ದೆ. ಫಿಲ್ಮ್ ಬೇಕಿಲ್ಲ, ಬೆಳಕೂ ಹೆಚ್ಚು ಬೇಕಿಲ್ಲ. ನಾನು ದೂರವನ್ನು ಯಾವಾಗಲೂ ಕಡಿಮೆ ಹೇಳುತ್ತೇನೆ ಎಂಬುದು ಹೀಗೆ ಗೊತ್ತಾಯಿತು. ಈಗ ಅಂದಾಜಿಗೆ ಸ್ವಲ್ಪ ಸೇರಿಸಿಕೊಳ್ಳುತ್ತೇನೆ.

ಝೋರ್ಕಿಯ ಸ್ವಂತ ವ್ಯೂಫೈಂಡರ್ 50 ಮಿ.ಮೀ. ನೋಟವನ್ನಷ್ಟೇ ತೋರಿಸುತ್ತದೆ. ಅದಕ್ಕೆ ಕ್ಯಾಮೆರಾದ ನೆತ್ತಿಯ ಮೇಲೆ ಬೇರೆ ಫೈಂಡರ್ ಸಿಕ್ಕಿಸುತ್ತೇನೆ. 28ರಿಂದ 135 ಮಿ.ಮೀ.ವರೆಗಿನ ಐದು ನೋಟಗಳನ್ನು ತಿರುಗಿಸಿ ಬದಲಿಸುವ ಹಳೆಯ ಸೋವಿಯತ್ ಮಾದರಿ. ಅದು ಲೆನ್ಸಿಗಿಂತ ಮೇಲೆ ಕೂರುವುದರಿಂದ, ಹತ್ತಿರದ ವ್ಯಕ್ತಿಯ ತಲೆ ಫೈಂಡರಿನಲ್ಲಿ ಪೂರ್ತಿ ಕಂಡರೂ ನೆಗೆಟಿವಿನಲ್ಲಿ ಕತ್ತರಿಸಿರಬಹುದು. ಹಿಂಬದಿಯ ಸನ್ನೆಯನ್ನು ದೂರಕ್ಕೆ ತಕ್ಕಂತೆ ಸರಿಸಿದರೆ ಇದು ಸರಿಹೋಗುತ್ತದೆ. ಅದನ್ನು ಸರಿಸಲು ಪುರುಸೊತ್ತಿಲ್ಲದಾಗ ತಲೆಯ ಮೇಲೆ ಒಂದಿಷ್ಟು ಜಾಗ ಹೆಚ್ಚು ಬಿಡುತ್ತೇನೆ.

ಮೂಲೆಗಳು ಕಪ್ಪಾಗುವುದಕ್ಕೆ ಲೆನ್ಸಿನ ವಯಸ್ಸು ಕಾರಣವಲ್ಲ. ಇಂಥ ವಿನ್ಯಾಸದಲ್ಲಿ ಓರೆಯಾಗಿ ಬರುವ ಬೆಳಕು ಸಹಜವಾಗಿಯೇ ಕ್ಷೀಣಿಸುತ್ತದೆ, 35 ಮಿ.ಮೀ.ನಲ್ಲಿ ಮೂಲೆಗೆ ತಲುಪುವುದು ನಡುವಿನ ಬೆಳಕಿನ ಸುಮಾರು ಅರ್ಧ, 21 ಮಿ.ಮೀ. ಆದರೆ ಕಾಲುಭಾಗಕ್ಕೂ ಕಡಿಮೆ. ಫಿಲ್ಮ್ ಇದನ್ನು ಸಹಿಸಿಕೊಳ್ಳುತ್ತದೆ. ಡಿಜಿಟಲ್ ಸೆನ್ಸರಿಗೆ ಓರೆ ಕಿರಣಗಳು ಒಗ್ಗುವುದಿಲ್ಲ, ಅಂಚುಗಳಲ್ಲಿ ಬಣ್ಣವೇ ಕೆಡಬಹುದು. ಕಪ್ಪು-ಬಿಳುಪಿನಲ್ಲಿ ನನಗೆ ಆ ಗೊಡವೆಯಿಲ್ಲ. ಸೂರ್ಯ ಓರೆಯಲ್ಲಿದ್ದಾಗ ಮಾತ್ರ ಹಳೆಯ ಲೇಪನ ಸೋಲುತ್ತದೆ, ಚಿತ್ರ ಬಿಳಚಿಕೊಳ್ಳುತ್ತದೆ. ಕೈಯಿಂದ ನೆರಳು ಕೊಡಬಹುದು, ಆದರೆ ಆ ಕೈ ಚಿತ್ರದೊಳಗೆ ಬಂದಿದೆಯೇ ಎಂದು ಈ ಫೈಂಡರ್ ಹೇಳುವುದಿಲ್ಲ.

ರೇಂಜ್‌ಫೈಂಡರ್ ಅನಿವಾರ್ಯವಾಗುವುದು ಒಳಾಂಗಣದಲ್ಲಿ, ಎಫ್ 2.8ಕ್ಕೆ ಪೂರ್ತಿ ತೆರೆದು ಒಂದು ಮೀಟರಿನಲ್ಲಿ ಮುಖ ತೆಗೆಯುವಾಗ. ಆಗ ಸ್ಪಷ್ಟವಾಗಿ ಬರುವ ಆಳ ಒಟ್ಟು 13 ಸೆಂ.ಮೀ. ಆಸುಪಾಸು; ಕಣ್ಣಳತೆ ಅಷ್ಟು ನಿಖರವಲ್ಲ. ಹತ್ತಿರದ ಕಣ್ಣಿನ ಮೇಲೆ ಬಿಂಬ ಕೂಡಿಸಿ, ಕಣ್ಣನ್ನು ಮೇಲಿನ ಫೈಂಡರಿಗೆ ಒಯ್ಯುತ್ತೇನೆ. ಈ ಬದಲಾವಣೆಯ ನಡುವೆ ನಾನಾಗಲಿ ಎದುರಿನವರಾಗಲಿ ಮುಂದಕ್ಕೆ ವಾಲದಂತೆ, ಇಬ್ಬರೂ ಬೆನ್ನಿಗೆ ಆನಿಸಲು ಏನಾದರೂ ಇರುವ ಕಡೆ ಕುಳಿತುಕೊಳ್ಳುತ್ತೇವೆ.