ಮಾಜಿ ಸೈನಿಕರಿಗಾಗಿ ವಾರಾಂತ್ಯದ ಧ್ಯಾನಕೂಟ: ಧರ್ಮಕೇಂದ್ರಗಳು ಏರ್ಪಡಿಸುವುದು ಹೇಗೆ?

2022ರ ಅಗ್ನಿಪಥ ಯೋಜನೆಗೆ ಮುಂಚೆ ಸೇನೆ ಸೇರಿ 15 ವರ್ಷ ಸೇವೆ ಪೂರೈಸಿದ ಜವಾನನಿಗೆ ಪಿಂಚಣಿಯ ಅರ್ಹತೆ ದೊರೆಯುತ್ತದೆ. ಆದ್ದರಿಂದ 18-19ರ ವಯಸ್ಸಿನಲ್ಲಿ ಸೇರಿದ ಅನೇಕರು 40 ತುಂಬುವ ಹೊತ್ತಿಗೆ ಊರಿಗೆ ಮರಳಿರುತ್ತಾರೆ. ದಕ್ಷಿಣ ಕನ್ನಡ, ಕೊಡಗು, ಬೆಂಗಳೂರಿನ ಕಥೋಲಿಕ ಧರ್ಮಕೇಂದ್ರಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಭಾನುವಾರದ ಬಲಿಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಹೋಗುವ ಇಂಥವರಲ್ಲಿ 1987ರಿಂದ 1990ರವರೆಗೆ ಭಾರತೀಯ ಶಾಂತಿಪಾಲನಾ ಪಡೆಯೊಂದಿಗೆ ಶ್ರೀಲಂಕಾದಲ್ಲಿದ್ದವರು, 1999ರ ಕಾರ್ಗಿಲ್ ಯುದ್ಧವನ್ನೋ ಸಿಯಾಚಿನ್ನಿನ ಹಿಮವನ್ನೋ ಕಂಡವರು ಇರಬಹುದು. ಗಣರಾಜ್ಯೋತ್ಸವದ ದಿನ ಅವರಿಗೆ ಶಾಲು ಹೊದಿಸುವ ಪದ್ಧತಿ ನಮ್ಮಲ್ಲಿದೆ. ಅವರು ಒಳಗೆ ಹೊತ್ತುಕೊಂಡು ತಿರುಗುವ ಭಾರವನ್ನು ಇಳಿಸಲು ಒಂದು ಜಾಗ ಮಾಡಿಕೊಡುವುದು ಮಾತ್ರ ಅಪರೂಪ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗಿನ ಧ್ಯಾನಕೂಟ ಅಂಥ ಜಾಗವಾಗಬಲ್ಲದು. ಆದರೆ ಅದು ಸನ್ಮಾನ ಸಮಾರಂಭವಾಗದಂತೆ ಮೊದಲಿನಿಂದಲೂ ಎಚ್ಚರ ವಹಿಸಬೇಕು.

ಕಾಲ ಯಾವುದೆಂದು ಕೇಳಿದರೆ ನವೆಂಬರ್ ತಿಂಗಳು ಸೂಕ್ತ. ನವೆಂಬರ್ 2 ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ನವೆಂಬರ್ 11, ರೋಮನ್ ಸೇನೆಯಲ್ಲಿದ್ದು ತನ್ನ ಮೇಲಂಗಿಯನ್ನು ಕತ್ತರಿಸಿ ಭಿಕ್ಷುಕನೊಂದಿಗೆ ಹಂಚಿಕೊಂಡ ಸಂತ ಮಾರ್ಟಿನರ ಹಬ್ಬ. ಆದರೆ ದೀಪಾವಳಿಯ ಆಸುಪಾಸಿನ ವಾರಾಂತ್ಯವನ್ನು ಖಂಡಿತ ಆರಿಸಬಾರದು, ಏಕೆಂದರೆ ಪಟಾಕಿಯ ಒಂದು ಸದ್ದಿಗೆ ಎರಡು ದಿನದ ಶ್ರಮವೆಲ್ಲ ವ್ಯರ್ಥವಾದೀತು. ಹನ್ನೆರಡು ಹದಿನೈದು ಮಂದಿಗಿಂತ ಹೆಚ್ಚು ಸೇರಿಸಿದರೆ ಮಾತು ಭಾಷಣವಾಗುತ್ತದೆ. ಪೂಜೆಯ ನಂತರ ಪ್ರಕಟಣೆ ಓದಿದರೆ ಸಾಲದು. ಅವರಂತೆಯೇ ಸೇವೆ ಸಲ್ಲಿಸಿ ಬಂದ ಒಬ್ಬರು ಮನೆಗೆ ಹೋಗಿ, "ನಾನೂ ಬರ್ತೀನಿ, ಜೊತೆಗೆ ಹೋಗೋಣ" ಎಂದು ಕರೆಯಬೇಕು. ಆಮಂತ್ರಣದಲ್ಲಿ ಕಾಯಿಲೆ, ಚಿಕಿತ್ಸೆ ಎಂಬ ಮಾತುಗಳನ್ನು ಬಳಸದೆ, ಪ್ರಾರ್ಥನೆ, ವಿಶ್ರಾಂತಿ ಮತ್ತು ಮನಸ್ಸಿನ ಸಮಾಧಾನಕ್ಕಾಗಿ ಎರಡು ದಿನ ಎಂದಷ್ಟೇ ಹೇಳಿದರೆ ಬರುವವರ ಹಿಂಜರಿಕೆ ಕಡಿಮೆಯಾಗುತ್ತದೆ.

ಹೆಸರು ಕೊಟ್ಟ ಪ್ರತಿಯೊಬ್ಬರೊಂದಿಗೂ ಮುಂಚಿತವಾಗಿ ಖಾಸಗಿಯಾಗಿ ಮಾತನಾಡುವುದು ಅಗತ್ಯ. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ರಾತ್ರಿ ನಿದ್ದೆ ಬರುತ್ತದೆಯೇ, ದಿನವೂ ಮದ್ಯ ಸೇವಿಸುತ್ತಾರೆಯೇ ಎಂಬುದನ್ನು ತೀರ್ಪಿನ ಧ್ವನಿಯಿಲ್ಲದೆ ಕೇಳಬೇಕು. ಕೊನೆಯ ಪ್ರಶ್ನೆ ಶಿಸ್ತಿನದಲ್ಲ, ಜೀವದ್ದು: ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುತ್ತ ಬಂದವರು ಎರಡು ದಿನ ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ಗಲಿಬಿಲಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಅಂಥವರು ವೈದ್ಯರನ್ನು ಕಂಡು ಬರುವುದು ಕಡ್ಡಾಯವಾಗಿರಲಿ. ಆತ್ಮಹತ್ಯೆಯ ಮಾತನಾಡುವವರಿಗೆ ಮೊದಲು ಬೇಕಾದದ್ದು ಮನೋವೈದ್ಯರ ಆರೈಕೆ. ಧ್ಯಾನಕೂಟ ಅದರ ನಂತರದ್ದು.

ಧ್ಯಾನಕೂಟ ನಡೆಯುವ ಮನೆಯ ವ್ಯವಸ್ಥೆ ನೋಡಿಕೊಳ್ಳುವ ಸಿಸ್ಟರುಗಳಿಗೂ ಅಡುಗೆಯವರಿಗೂ ಮುಂದಾಗಿ ತಿಳಿಹೇಳಬೇಕಾದ ಕೆಲವು ಸಂಗತಿಗಳಿವೆ. ಒಬ್ಬೊಬ್ಬರಿಗೂ ಪ್ರತ್ಯೇಕ ಕೋಣೆ ಇರಲಿ, ಏಕೆಂದರೆ ದುಃಸ್ವಪ್ನ ಕಂಡು ಕೂಗಿ ಏಳುವವರಿಗೆ ಪಕ್ಕದ ಹಾಸಿಗೆಯವರ ಮುಂದೆ ನಾಚಿಕೆಯಾಗುತ್ತದೆ. ಮಲಗಿದವರನ್ನು ಭುಜ ಮುಟ್ಟಿ ಎಬ್ಬಿಸಬಾರದು. ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕರೆಯಬೇಕು. ಸಭೆಯ ಕೋಣೆಯಲ್ಲಿ ಕೆಲವು ಕುರ್ಚಿಗಳನ್ನು ಗೋಡೆಗೆ ಒತ್ತಿ, ಬಾಗಿಲು ಕಾಣುವಂತೆ ಇಡಬೇಕು; ಬೆನ್ನಿಗೆ ಬಯಲು ಬಿಟ್ಟು ಕೂರಲಾಗದವರು ಅಲ್ಲಿ ತಾವಾಗಿಯೇ ಕೂರುತ್ತಾರೆ. ಯಾರೂ ಕಾರಣ ಕೇಳಬಾರದು.

ಶುಕ್ರವಾರ ಸಂಜೆಗೆ ಊಟ, ಜಪಸರ, ಬೇಗ ನಿದ್ದೆ ಇಷ್ಟೇ ಸಾಕು. ಒಂದೇ ಯೂನಿಟ್ಟಿನ ಅಧಿಕಾರಿ ಮತ್ತು ಜವಾನ ಇಬ್ಬರೂ ಬಂದಿದ್ದರೆ ಅವರನ್ನು ಒಂದೇ ಸಣ್ಣ ಗುಂಪಿಗೆ ಹಾಕಬಾರದು. "ಸಾಬ್" ಎದುರಿಗೆ ಕುಳಿತಿರುವಾಗ ಜವಾನನ ಬಾಯಿ ಬಿಚ್ಚದು.

ಶನಿವಾರದ ಧ್ಯಾನಕ್ಕೆ, ಸೈನಿಕರಾಗಿದ್ದು ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ ಜೀವನಕ್ಕಿಂತ ಹತ್ತಿರದ ವಸ್ತು ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಮರುವರ್ಷ ಅದೇ ದೇಶದ ಯಾತ್ರಾಸ್ಥಳ ಮೊಂತ್ಸೆರಾತ್‌ನಲ್ಲಿ ದೀರ್ಘ ಪಾಪನಿವೇದನೆ ಮಾಡಿ, ಮಾತೆ ಮರಿಯಮ್ಮನವರ ಪೀಠದ ಬಳಿ ಖಡ್ಗವನ್ನು ಒಪ್ಪಿಸಿದರು. ಕಥೆಯನ್ನು ಇಲ್ಲಿಗೇ ನಿಲ್ಲಿಸುವ ಪ್ರವಚನಕಾರರು ಬಹಳ. ಆದರೆ ಮಾಜಿ ಸೈನಿಕರು ಕೇಳಬೇಕಾದದ್ದು ಮುಂದಿನ ಭಾಗ. ಆ ಬಳಿಕ ಹತ್ತಿರದ ಮನ್ರೇಸಾ ಊರಿನಲ್ಲಿ, ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿಕೊಂಡರೂ ಶಾಂತಿ ಸಿಗದೆ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಅವರು ಹೋಗಿದ್ದರು. ಸಂತರಿಗೂ ಖಡ್ಗ ಒಪ್ಪಿಸಿದ ದಿನವೇ ನೆಮ್ಮದಿ ದೊರೆಯಲಿಲ್ಲ ಎಂಬುದನ್ನು ಕೇಳಿದಾಗ, ಎರಡು ದಿನದಲ್ಲಿ ಎಲ್ಲವೂ ಸರಿಹೋಗಬೇಕೆಂಬ ಒತ್ತಡ ತಾನಾಗಿ ಇಳಿಯುತ್ತದೆ.

ಪಾಪನಿವೇದನೆಗೆ ಕುಳಿತುಕೊಳ್ಳುವ ಗುರುಗಳನ್ನು ಬಹಳ ಯೋಚಿಸಿ ಆರಿಸಬೇಕು. ಬರುವವರಲ್ಲಿ ಎರಡು ಬಗೆಯ ಭಾರವಿರುತ್ತದೆ. ಒಂದು, ತಾನು ಮಾಡಿದ್ದು ತಪ್ಪೆಂದು ಮನಸ್ಸಾಕ್ಷಿ ಹೇಳುತ್ತಿರುವುದು: ಕೋಪದಲ್ಲಿ ಎತ್ತಿದ ಕೈ, ಕೈಸೆರೆಯಾದವನೊಂದಿಗಿನ ಕ್ರೌರ್ಯ, ನೋಡಿಯೂ ಸುಮ್ಮನಿದ್ದದ್ದು. ಇದನ್ನು "ನೀವು ಕರ್ತವ್ಯ ಮಾಡಿದಿರಿ, ಬಿಡಿ" ಎಂದು ಗುರುಗಳು ತಳ್ಳಿಹಾಕಿದರೆ, ಆ ಮನುಷ್ಯ ವರ್ಷಗಳ ನಂತರ ತೆರೆದ ಬಾಗಿಲನ್ನು ಮುಚ್ಚಿಕೊಂಡು ಹೊರಟುಹೋಗುತ್ತಾನೆ. ಪೂರ್ತಿ ಕೇಳಿ, ಕ್ಷಮೆಯನ್ನು ಘೋಷಿಸಬೇಕು. ಇನ್ನೊಂದು, ಪಾಪವೇ ಅಲ್ಲದ್ದು: ಜೊತೆಗಾರ ಸತ್ತ, ನಾನು ಉಳಿದೆ, ಆ ದಿನ ಗಸ್ತಿಗೆ ನಾನು ಹೋಗಬೇಕಿತ್ತು, ಅವನು ಹೋದ. ಇದು ಶೋಕ. ಇದಕ್ಕೆ ಪಾಪವಿಮೋಚನೆಯ ಮಾತು ಹೇಳಿ ಕಳುಹಿಸಿದರೆ ಅವನು ನಿಜಕ್ಕೂ ತಪ್ಪಿತಸ್ಥನೆಂದು ಒಪ್ಪಿಕೊಂಡಂತಾಗುತ್ತದೆ. ಇವೆರಡನ್ನೂ ನಿಧಾನವಾಗಿ ಬಿಡಿಸಿ ತೋರಿಸುವುದೇ ಗುರುಗಳ ಮುಖ್ಯ ಕೆಲಸ. ಪಾಪನಿವೇದನೆಯ ಗೌಪ್ಯ ಯಾವ ಕಾರಣಕ್ಕೂ ಮುರಿಯಲಾಗದ್ದೆಂದೂ, ಸ್ಥಳ, ಕಾರ್ಯಾಚರಣೆಯ ವಿವರಗಳನ್ನು ಹೇಳುವ ಅಗತ್ಯವಿಲ್ಲವೆಂದೂ ಮೊದಲೇ ಸ್ಪಷ್ಟಪಡಿಸಬೇಕು.

ಗುಂಪಿನಲ್ಲಿ ಯಾರನ್ನೂ ಅನುಭವ ಹೇಳುವಂತೆ ಒತ್ತಾಯಿಸಬಾರದು. ದೀರ್ಘ ಮೌನವೂ ಎಲ್ಲರಿಗೂ ಹಿತವಲ್ಲ. ಕಣ್ಣು ಮುಚ್ಚಿದೊಡನೆ ಹಳೆಯ ದೃಶ್ಯ ಎದ್ದು ಬರುವವರಿಗೆ ತೋಟದಲ್ಲಿ ನಡೆದಾಡುತ್ತ ಶಿಲುಬೆಯ ಹಾದಿ (ಕ್ರಿಸ್ತನ ಯಾತನೆಯ ಹಂತಗಳನ್ನು ಧ್ಯಾನಿಸುವ ಪ್ರಾರ್ಥನೆ) ಮಾಡುವ ಅವಕಾಶವಿರಲಿ. ಶನಿವಾರ ರಾತ್ರಿ ಪರಮಪ್ರಸಾದದ (ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಆರಾಧನೆಯನ್ನು ಬೆಳಗಿನವರೆಗೂ ಇಟ್ಟು, ಪ್ರಾರ್ಥನಾಲಯದಲ್ಲಿ ಮಂದ ದೀಪ ಉರಿಸಿ, ಸ್ವಯಂಸೇವಕರಿಬ್ಬರು ಸರದಿಯಂತೆ ಕುಳಿತಿರಬೇಕು. ಎರಡು ಗಂಟೆಗೆ ನಿದ್ದೆಬಾರದೆ ಹೊರಳಾಡುವ ಅಭ್ಯಾಸವಿರುವವರು ಅಲ್ಲಿಗೆ ಬಂದು ಕೂರಬಹುದು. ಪಕ್ಕದಲ್ಲಿ ಬಿಸಿ ಚಹಾದ ಫ್ಲಾಸ್ಕ್ ಇಟ್ಟ ಒಂದು ಕೋಣೆಯೂ ತೆರೆದಿರಲಿ.

ಭಾನುವಾರದ ಬಲಿಪೂಜೆಯಲ್ಲಿ ಮಡಿದ ಸಂಗಾತಿಗಳ ಹೆಸರುಗಳನ್ನು ಓದಬೇಕು, ಅವರು ಯಾವ ಧರ್ಮದವರೇ ಆಗಿರಲಿ. ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವೆಲ್ಲ ಹೇಳುವ "ನಾನು ಯೋಗ್ಯನಲ್ಲ" ಎಂಬ ಪ್ರಾರ್ಥನೆ ಶುಭಸಂದೇಶದ ಒಬ್ಬ ಶತಾಧಿಪತಿಯ, ಅಂದರೆ ಸೇನಾಧಿಕಾರಿಯ, ಬಾಯಿಂದ ಬಂದದ್ದೆಂಬುದನ್ನು ಪ್ರಬೋಧನೆಯಲ್ಲಿ ನೆನಪಿಸುವುದು ಒಳ್ಳೆಯದು. ಅನ್ಯಧರ್ಮೀಯ ಗೆಳೆಯರು ಬಂದಿದ್ದರೆ, ಪರಮಪ್ರಸಾದ ಕಥೋಲಿಕರಿಗೆ ಮಾತ್ರ ಎಂಬ ನಿಯಮವನ್ನು ಹಿಂದಿನ ದಿನವೇ ಖಾಸಗಿಯಾಗಿ ತಿಳಿಸಬೇಕು.

ಮಧ್ಯಾಹ್ನದ ಊಟಕ್ಕೆ ಪತ್ನಿಯರನ್ನೂ ಕರೆಯಿರಿ. ಇಷ್ಟು ವರ್ಷ ರಾತ್ರಿಗಳನ್ನು ಅವರೂ ಎಚ್ಚರವಾಗಿ ಕಳೆದಿರುತ್ತಾರೆ, ಅವರ ಮಾತು ಕೇಳಲು ಸಿಸ್ಟರೊಬ್ಬರು ಬಿಡುವು ಮಾಡಿಕೊಂಡಿರಬೇಕು. ಹೊರಡುವಾಗ ಎಲ್ಲರ ಕೈಗೂ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನೂ, ಮಾಜಿ ಸೈನಿಕರ ಆರೋಗ್ಯ ಯೋಜನೆಯಡಿಯ ಹತ್ತಿರದ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನ ವಿಳಾಸವನ್ನೂ ಬರೆದ ಚೀಟಿ ಕೊಡಬೇಕು. ಮನೆಗೆ ಮರಳಿದ ಮೊದಲ ವಾರ ಕೆಲವರಿಗೆ ಇನ್ನಷ್ಟು ಕಷ್ಟವಾಗುವುದುಂಟು. ಆದ್ದರಿಂದ ಯಾರು ಯಾರಿಗೆ, ಯಾವ ದಿನ ಫೋನ್ ಮಾಡಬೇಕೆಂಬ ಪಟ್ಟಿಯನ್ನು ಧ್ಯಾನಕೂಟ ಆರಂಭವಾಗುವ ಮೊದಲೇ ಸಿದ್ಧಪಡಿಸಿ, ಬುಧವಾರದೊಳಗೆ ಪ್ರತಿಯೊಬ್ಬರಿಗೂ ಒಂದು ಕರೆ ಹೋಗುವಂತೆ ನೋಡಿಕೊಳ್ಳಬೇಕು.