ಸ್ನಾತಕೋತ್ತರ ಹಂತದಲ್ಲಿ ಡಿಬಿಎಂಎಸ್: ಎಂಜಿನ್ನಿನ ಒಳಗನ್ನು ಕಲಿಯುವ ಕ್ರಮ

ಬಿಸಿಎ ಅಥವಾ ಬಿಇ ಓದುವಾಗ ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣಾ ವ್ಯವಸ್ಥೆ) ವಿಷಯವು ದತ್ತಾಂಶಗಳ ನಡುವಿನ ಸಂಬಂಧ ತೋರಿಸುವ ಇಆರ್ ಚಿತ್ರ ಬರೆಯುವುದು, ಟೇಬಲ್‌ಗಳನ್ನು ಅನಗತ್ಯ ಪುನರಾವರ್ತನೆ ತಪ್ಪಿಸುವ ಮೂರನೆಯ ನಾರ್ಮಲ್ ಫಾರ್ಮ್‌ಗೆ ತರುವುದು, ಲ್ಯಾಬ್ ಪರೀಕ್ಷೆಗೆಂದು ಕೆಲವು ಎಸ್‌ಕ್ಯೂಎಲ್ ಕ್ವೆರಿಗಳನ್ನು (ದತ್ತಾಂಶ ಕೇಳುವ ಆಜ್ಞೆಗಳನ್ನು) ಅಭ್ಯಾಸ ಮಾಡುವುದು ಇಷ್ಟಕ್ಕೆ ಮುಗಿಯುತ್ತದೆ. ಎಂಸಿಎ ಅಥವಾ ಎಂ.ಟೆಕ್ ಸೇರಿದ ಮೇಲೂ ಅದನ್ನೇ ಮತ್ತೊಮ್ಮೆ ಓದಿದರೆ ಅಂಕ ಬರಬಹುದು, ವಿಷಯ ಕೈಗೆ ಹತ್ತುವುದಿಲ್ಲ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ರಿಲೇಷನಲ್ ಮಾದರಿಯಲ್ಲಿ ಬಳಕೆದಾರ ತನಗೆ ಯಾವ ದತ್ತಾಂಶ ಬೇಕೆಂದು ಹೇಳಿದರೆ ಸಾಕು. ಅದನ್ನು ಡಿಸ್ಕಿನಿಂದ ಯಾವ ದಾರಿಯಲ್ಲಿ ತರಬೇಕೆಂಬುದು ವ್ಯವಸ್ಥೆಯ ಹೊಣೆ. ಆ ಹೊಣೆಯನ್ನು ಎಂಜಿನ್, ಅಂದರೆ ದತ್ತಾಂಶವನ್ನು ಕಾಪಾಡಿ ಹುಡುಕಿಕೊಡುವ ತಂತ್ರಾಂಶ, ಹೇಗೆ ನಿಭಾಯಿಸುತ್ತದೆ, ಎಲ್ಲಿ ಎಡವುತ್ತದೆ ಎಂಬುದೇ ಸ್ನಾತಕೋತ್ತರ ಅಧ್ಯಯನದ ತಿರುಳು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಒಂದೇ ಒಂದು ಎಂಜಿನ್ನನ್ನು ಆರಿಸಿಕೊಳ್ಳಿ. ಪೋಸ್ಟ್‌ಗ್ರೆಸ್ ಸೂಕ್ತ, ಏಕೆಂದರೆ ಅದು ಉಚಿತ, ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ಹತ್ತು ಲಕ್ಷ ಸಾಲುಗಳ ಟೇಬಲ್ ಒಂದನ್ನು ನೀವೇ ಸೃಷ್ಟಿಸಿಕೊಳ್ಳಿ. ಹತ್ತು ಸಾಲುಗಳ ಟೇಬಲ್‌ನಲ್ಲಿ ಯಾವ ಕ್ವೆರಿಯೂ ನಿಧಾನವಾಗುವುದಿಲ್ಲವಾದ್ದರಿಂದ ಅಲ್ಲಿ ಕಲಿಯಲು ಏನೂ ಸಿಗದು. ಮುಂದೆ ಪ್ರತಿ ಪ್ರಯೋಗದಲ್ಲೂ ಒಂದು ಶಿಸ್ತನ್ನು ಪಾಲಿಸಿ: ಕ್ವೆರಿ ಓಡಿಸುವ ಮೊದಲು ಎಂಜಿನ್ ಏನು ಮಾಡುತ್ತದೆ ಎಂಬ ನಿಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಎಂಜಿನ್ ಆರಿಸಿದ ದಾರಿಯನ್ನೂ ಹಿಡಿದ ಸಮಯವನ್ನೂ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಆಜ್ಞೆಯ ಫಲಿತಾಂಶದೊಂದಿಗೆ ಹೋಲಿಸಿ. ಊಹೆ ತಪ್ಪಿದ ಕಡೆಯಲ್ಲೇ ಆ ದಿನದ ಓದು ಆರಂಭವಾಗಬೇಕು.

ಬೇಕಾದ ಸಾಲನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ನ ವಿಚಾರ ಬೇಗ ಮುಗಿಯುತ್ತದೆ. ಪೋಸ್ಟ್‌ಗ್ರೆಸ್‌ನ ಒಂದು ಪೇಜಿನ (ಒಮ್ಮೆಗೆ ಓದುವ ದತ್ತಾಂಶದ ತುಂಡಿನ) ಗಾತ್ರ ಸಾಮಾನ್ಯವಾಗಿ 8 ಕೆಬಿ. ಪೂರ್ಣಾಂಕದ ಕೀಲಿಯಾದರೆ ಇಂಡೆಕ್ಸ್‌ನ ಮರದಂಥ ರಚನೆಯಾದ ಬಿ-ಪ್ಲಸ್ ಟ್ರೀಯ ಒಂದು ಪೇಜಿನಲ್ಲಿ ಮುನ್ನೂರಕ್ಕೂ ಹೆಚ್ಚು ನಮೂದುಗಳು ಹಿಡಿಯುತ್ತವೆ, ಆದ್ದರಿಂದ ಮೂರು ಹಂತಗಳ ಮರ (300 × 300 × 300) 2.7 ಕೋಟಿ ಸಾಲುಗಳನ್ನು ತಲುಪಬಲ್ಲದು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಇಂಡೆಕ್ಸ್ ಏಕೆ ವೇಗವಾಗಿರುತ್ತದೆ ಎಂಬುದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕನ್ನಡ ಪಠ್ಯವನ್ನು ಕೀಲಿಯಾಗಿ ಇಟ್ಟರೆ ಲೆಕ್ಕ ಬದಲಾಗುತ್ತದೆ ಎಂಬುದನ್ನೂ ಗಮನಿಸಿ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಹಾಗಾಗಿ ‘ಬೆಂಗಳೂರು’ ಎಂಬ ಹೆಸರು ಕಣ್ಣಿಗೆ ನಾಲ್ಕೇ ಅಕ್ಷರವಾದರೂ 8 ಸಂಕೇತಗಳಾಗಿ 24 ಬೈಟ್ ಹಿಡಿಯುತ್ತದೆ.

ಹೆಚ್ಚು ಸಮಯ ಕೊಡಬೇಕಾದದ್ದು, ಕ್ವೆರಿಗೆ ಅಗ್ಗದ ದಾರಿ ಆರಿಸುವ ಭಾಗವಾದ ಕ್ವೆರಿ ಆಪ್ಟಿಮೈಜರ್‌ಗೆ. ಹತ್ತು ಟೇಬಲ್‌ಗಳನ್ನು ಒಂದರ ಹಿಂದೆ ಒಂದರಂತೆ ಜಾಯಿನ್ ಮಾಡುವ (ಜೋಡಿಸುವ) ಕ್ರಮಗಳೇ 36,28,800 ಆಗುತ್ತವೆ. ಅಷ್ಟನ್ನೂ ಪರೀಕ್ಷಿಸದೆ ಅಗ್ಗದ ದಾರಿಯನ್ನು ಹುಡುಕುವ ವಿಧಾನವನ್ನು ಐಬಿಎಂನ ಸಿಸ್ಟಂ ಆರ್ ಯೋಜನೆಯಲ್ಲಿ ಪೆಟ್ರಿಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು. ಡೈನಾಮಿಕ್ ಪ್ರೋಗ್ರಾಮಿಂಗ್ (ಸಣ್ಣ ಭಾಗಗಳ ಉತ್ತರ ಉಳಿಸಿಕೊಂಡು ದೊಡ್ಡದನ್ನು ಕಟ್ಟುವ ವಿಧಾನ) ಆಧಾರಿತವಾದ ಆ ಚೌಕಟ್ಟು ಇಂದಿನ ಎಂಜಿನ್‌ಗಳಲ್ಲೂ ಉಳಿದಿದೆ. ಆದರೆ ಅಗ್ಗ ಯಾವುದೆಂದು ತಿಳಿಯಲು ಎಷ್ಟು ಸಾಲುಗಳು ಬರಬಹುದೆಂಬ ಅಂದಾಜು ಬೇಕು, ಮತ್ತು ಆಪ್ಟಿಮೈಜರ್ ಎಡವುವುದು ಬಹುಪಾಲು ಈ ಅಂದಾಜಿನಲ್ಲೇ.

ಇದನ್ನು ಕಣ್ಣಾರೆ ಕಾಣಲು ಬೆಂಗಳೂರಿನ ವಿಳಾಸಗಳ ಟೇಬಲ್ ಒಂದನ್ನು ಕಲ್ಪಿಸಿಕೊಳ್ಳಿ. ಹತ್ತು ಲಕ್ಷ ಸಾಲುಗಳಲ್ಲಿ ಶೇ. 1ರಷ್ಟು ಮಲ್ಲೇಶ್ವರದವು, ಅವೆಲ್ಲದರ ಪಿನ್‌ಕೋಡ್ 560003, ಬೇರೆ ಬಡಾವಣೆಗೆ ಆ ಪಿನ್‌ಕೋಡ್ ಇಲ್ಲ ಎಂದಿಟ್ಟುಕೊಳ್ಳೋಣ. ಬಡಾವಣೆ ಮತ್ತು ಪಿನ್‌ಕೋಡ್ ಎರಡನ್ನೂ ಷರತ್ತಾಗಿ ಕೊಟ್ಟರೆ ಸಿಗಬೇಕಾದ ಸಾಲುಗಳು 10,000. ಪೋಸ್ಟ್‌ಗ್ರೆಸ್ ಎರಡೂ ಕಾಲಂಗಳನ್ನು ಪರಸ್ಪರ ಸಂಬಂಧವಿಲ್ಲದವೆಂದು ಭಾವಿಸಿ ಶೇ. 1ರಿಂದ ಶೇ. 1ನ್ನು ಗುಣಿಸುವುದರಿಂದ ಅದರ ಅಂದಾಜು 100ರ ಆಸುಪಾಸಿಗೆ ಇಳಿಯುತ್ತದೆ. ನೂರೇ ಸಾಲುಗಳೆಂದು ನಂಬಿದ ಎಂಜಿನ್ ಹೆಚ್ಚು ಸಾಲುಗಳಿಗೆ ಹೊಂದುವ ಹ್ಯಾಶ್ ಜಾಯಿನ್ ಬೇಕಾದ ಕಡೆ ಕಡಿಮೆ ಸಾಲುಗಳಿಗಷ್ಟೇ ಹೊಂದುವ ನೆಸ್ಟೆಡ್ ಲೂಪ್ ಆರಿಸಿಕೊಳ್ಳಬಹುದು. ಪೋಸ್ಟ್‌ಗ್ರೆಸ್ 10ರಿಂದ ಲಭ್ಯವಿರುವ ಕ್ರಿಯೇಟ್ ಸ್ಟಾಟಿಸ್ಟಿಕ್ಸ್ ಆಜ್ಞೆಯಿಂದ ಈ ಎರಡು ಕಾಲಂಗಳ ನಡುವಿನ ಫಂಕ್ಷನಲ್ ಡಿಪೆಂಡೆನ್ಸಿಯನ್ನು (ಒಂದು ತಿಳಿದರೆ ಇನ್ನೊಂದು ತಿಳಿಯುವ ಸಂಬಂಧವನ್ನು) ದಾಖಲಿಸಲು ಹೇಳಿ, ಅಂಕಿಅಂಶ ಸಂಗ್ರಹಿಸುವ ಅನಲೈಜ್ ಓಡಿಸಿ, ಅಂದಾಜು ಸರಿಹೋಗುವುದನ್ನು ನೋಡಿ. ನಾರ್ಮಲ್ ಫಾರ್ಮ್ ಪಾಠದಲ್ಲಿ ಕಾಗದದ ಮೇಲೆ ಕಲಿತ ಅದೇ ಡಿಪೆಂಡೆನ್ಸಿ ಇಲ್ಲಿ ಕ್ವೆರಿಯ ವೇಗವನ್ನು ನಿರ್ಧರಿಸುತ್ತಿದೆ. ಎರಡು ಅಧ್ಯಾಯಗಳು ಹೀಗೆ ಕೂಡುವುದನ್ನು ವಿದ್ಯಾರ್ಥಿಗೆ ತೋರಿಸದೆ ಬಿಡುವುದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

ಈ ಪ್ರಶ್ನೆಯನ್ನು ಆಳವಾಗಿ ಶೋಧಿಸಿದ ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಜಯಂತ್ ಹರಿತ್ಸ ಅವರ ಪ್ರಯೋಗಾಲಯ ರೂಪಿಸಿದ ಪಿಕಾಸೋ ಎಂಬ ತಂತ್ರಾಂಶ, ಷರತ್ತಿಗೆ ಒಳಪಡುವ ಸಾಲುಗಳ ಪ್ರಮಾಣ ಬದಲಾದಂತೆ ಆಪ್ಟಿಮೈಜರ್ ಯಾವ ಯಾವ ಪ್ಲಾನ್‌ಗಳಿಗೆ ಜಿಗಿಯುತ್ತದೆ ಎಂಬುದನ್ನು ಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಆ ನಕ್ಷೆಗಳ ಮೇಲಿನ ಸಂಶೋಧನಾ ಪ್ರಬಂಧಗಳು 2005ರಿಂದ ಬಂದಿವೆ. ಸೆಲಿಂಜರ್ ಪ್ರಬಂಧವನ್ನು ಓದಿದ ಕೂಡಲೇ ಇವನ್ನು ಓದಿದರೆ ಸಿದ್ಧಾಂತಕ್ಕೂ ನಿಜವಾದ ಎಂಜಿನ್‌ಗಳ ವರ್ತನೆಗೂ ಇರುವ ಅಂತರ ತಿಳಿಯುತ್ತದೆ.

ಟ್ರಾನ್ಸಾಕ್ಷನ್ (ಪೂರ್ತಿಯಾಗಿ ಆಗಬೇಕಾದ, ಇಲ್ಲವೇ ಏನೂ ಆಗಬಾರದ ಕೆಲಸಗಳ ಗುಂಪು) ಪಾಠವನ್ನು ಎರಡು ಟರ್ಮಿನಲ್‌ಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು ಕಲಿಯಬೇಕು. ಅಪಾರ್ಟ್‌ಮೆಂಟ್ ಒಂದರಲ್ಲಿ ರಾತ್ರಿ ಪಾಳಿಗೆ ಇಬ್ಬರು ಕಾವಲುಗಾರರಿದ್ದು, ಒಬ್ಬರಾದರೂ ಕೆಲಸದಲ್ಲಿರಬೇಕೆಂಬ ನಿಯಮವಿದೆ ಎನ್ನೋಣ. ಇಬ್ಬರೂ ಒಂದೇ ಹೊತ್ತಿಗೆ ರಜೆ ಹಾಕುತ್ತಾರೆ. ಪ್ರತಿ ಟ್ರಾನ್ಸಾಕ್ಷನ್ ‘ಇನ್ನೊಬ್ಬರು ಇದ್ದಾರೆ’ ಎಂದು ಓದಿ ತನ್ನ ಸಾಲನ್ನಷ್ಟೇ ಬದಲಿಸುತ್ತದೆ. ಏಕಕಾಲದ ಟ್ರಾನ್ಸಾಕ್ಷನ್‌ಗಳನ್ನು ಪರಸ್ಪರ ಬೇರ್ಪಡಿಸುವ ಮಟ್ಟಗಳಲ್ಲೊಂದಾದ ರಿಪೀಟಬಲ್ ರೀಡ್ ಮಟ್ಟದಲ್ಲಿ ಪೋಸ್ಟ್‌ಗ್ರೆಸ್ ಎರಡನ್ನೂ ಕಮಿಟ್ ಮಾಡುತ್ತದೆ (ಖಾಯಂ ಮಾಡುತ್ತದೆ), ನಿಯಮ ಮುರಿಯುತ್ತದೆ. ಇನ್ನೂ ಕಟ್ಟುನಿಟ್ಟಾದ ಸೀರಿಯಲೈಜಬಲ್ ಮಟ್ಟಕ್ಕೆ ಬದಲಿಸಿ ಅದನ್ನೇ ಮಾಡಿದರೆ ಒಂದು ಟ್ರಾನ್ಸಾಕ್ಷನ್ 40001 ಸಂಖ್ಯೆಯ ದೋಷದೊಂದಿಗೆ ರದ್ದಾಗುತ್ತದೆ, ಮತ್ತು ಅದನ್ನು ಮರಳಿ ಪ್ರಯತ್ನಿಸುವ ಕೋಡನ್ನು ನೀವೇ ಬರೆಯಬೇಕಾಗುತ್ತದೆ. ಪಠ್ಯಪುಸ್ತಕಗಳು ವಿಸ್ತಾರವಾಗಿ ವಿವರಿಸುವ, ಮೊದಲು ಬೀಗಗಳನ್ನು ಪಡೆದು ಆಮೇಲಷ್ಟೇ ಬಿಡುವ ಎರಡು ಹಂತದ ಲಾಕಿಂಗ್‌ನಿಂದ ಈ ವಿಧಾನ ಎಲ್ಲಿ ಭಿನ್ನವಾಗುತ್ತದೆ ಎಂದು ಬರೆದು ನೋಡಿ.

ಸರ್ವರ್ ಕುಸಿದ ಮೇಲೆ ದತ್ತಾಂಶವನ್ನು ಸರಿಸ್ಥಿತಿಗೆ ತರುವ ರಿಕವರಿಗೆ 1992ರ ಏರೀಸ್ ಪ್ರಬಂಧವೇ ಆಧಾರ. ಐಬಿಎಂನಲ್ಲಿದ್ದ ಸಿ. ಮೋಹನ್ ಮತ್ತು ಸಹೋದ್ಯೋಗಿಗಳ ಈ ಪ್ರಬಂಧ ಬಹಳ ಉದ್ದವಾದದ್ದು. ಮೊದಲ ಓದಿನಲ್ಲಿ ಅನಾಲಿಸಿಸ್ (ಪರಿಶೀಲನೆ), ರೀಡೂ (ಮತ್ತೆ ಮಾಡುವುದು), ಅನ್‌ಡೂ (ಮಾಡಿದ್ದನ್ನು ಹಿಂತೆಗೆಯುವುದು) ಎಂಬ ಮೂರು ಘಟ್ಟಗಳನ್ನು ಮಾತ್ರ ಹಿಡಿದುಕೊಳ್ಳಿ. ಬಳಿಕ ನಿಮ್ಮ ಪ್ರಯೋಗದ ಸರ್ವರನ್ನು ಟ್ರಾನ್ಸಾಕ್ಷನ್ ನಡುವೆಯೇ ಬಲವಂತವಾಗಿ ನಿಲ್ಲಿಸಿ, ಮತ್ತೆ ಆರಂಭಿಸಿ, ಅದರ ಲಾಗ್ ಫೈಲ್ ಓದಿ. ಅಲ್ಲಿ ರೀಡೂ ಕಾಣಿಸುತ್ತದೆ, ಅನ್‌ಡೂ ಕಾಣಿಸುವುದಿಲ್ಲ. ಸಾಲಿನ ಹಳೆಯ ಆವೃತ್ತಿಗಳನ್ನು ಟೇಬಲ್‌ನಲ್ಲೇ ಉಳಿಸಿಕೊಳ್ಳುವ ಪೋಸ್ಟ್‌ಗ್ರೆಸ್‌ಗೆ ಅದು ಏಕೆ ಬೇಕಾಗಿಲ್ಲ, ಬದಲಿಗೆ ಬೇಡವಾದ ಆವೃತ್ತಿಗಳನ್ನು ಗುಡಿಸುವ ವ್ಯಾಕ್ಯೂಂ ಏಕೆ ಬೇಕಾಯಿತು ಎಂಬ ಪ್ರಶ್ನೆಗೆ ನಿಮ್ಮದೇ ಮಾತಿನಲ್ಲಿ ಎರಡು ಪುಟ ಬರೆಯಬಲ್ಲಿರಾದರೆ ವೈವಾದಲ್ಲಿ ಈ ಭಾಗದ ಯಾವ ಪ್ರಶ್ನೆಗೂ ಅಂಜಬೇಕಾಗಿಲ್ಲ.

ಪ್ರಾಜೆಕ್ಟಿಗೆ ಇನ್ನೊಂದು ಗ್ರಂಥಾಲಯ ನಿರ್ವಹಣಾ ವ್ಯವಸ್ಥೆಯನ್ನು ದಯವಿಟ್ಟು ಕಟ್ಟಬೇಡಿ. ಡಿಸ್ಕಿನ ಪೇಜುಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಒಂದು ಪುಟ್ಟ ಬಫರ್ ಮ್ಯಾನೇಜರ್ ಬರೆಯಿರಿ, ಅದರಲ್ಲಿ ಎಲ್‌ಆರ್‌ಯು (ಬಹಳ ಹೊತ್ತಿನಿಂದ ಬಳಸದ ಪೇಜನ್ನು ಹೊರಹಾಕುವ ವಿಧಾನ) ಮತ್ತು ಅದರ ಸರಳ ರೂಪವಾದ ಕ್ಲಾಕ್ ವಿಧಾನಗಳೆರಡನ್ನೂ ಅಳವಡಿಸಿ, ದೊಡ್ಡ ಟೇಬಲ್ ಒಂದನ್ನು ಆದಿಯಿಂದ ಅಂತ್ಯದವರೆಗೆ ಪದೇ ಪದೇ ಓದುವಾಗ ಎಲ್‌ಆರ್‌ಯು ಏಕೆ ಸೋಲುತ್ತದೆ ಎಂಬುದನ್ನು ಅಳತೆಗಳ ಸಮೇತ ತೋರಿಸಿ. ಬೆಂಗಳೂರಿನಲ್ಲಿ ನಡೆಯುತ್ತ ಬಂದಿರುವ, ಪೋಸ್ಟ್‌ಗ್ರೆಸ್ ಬಳಗದ ಪಿಜಿಕಾನ್ಫ್ ಇಂಡಿಯಾ ಸಮ್ಮೇಳನಕ್ಕೆ ಹೋಗುವ ಅವಕಾಶವಿದ್ದರೆ ಆ ಅಳತೆಗಳನ್ನು ಜೊತೆಗೆ ಒಯ್ಯಿರಿ. ಪೋಸ್ಟ್‌ಗ್ರೆಸ್‌ನ ಕೋಡನ್ನೇ ವೃತ್ತಿಯಾಗಿಸಿಕೊಂಡವರು ಅಲ್ಲಿಗೆ ಬರುತ್ತಾರೆ, ಅಂಕಿಅಂಶ ಮುಂದಿಟ್ಟು ಕೇಳಿದ ಪ್ರಶ್ನೆಗೆ ಅವರಿಂದ ಕುಳಿತು ಉತ್ತರ ಪಡೆಯಬಹುದು.